ಕೈಗಡದ ಮೌನ

ಮಣ್ಣು ಮುಗಿದು ನೆಂಟರೆಲ್ಲ ಅವರವರ ಬಸ್ಸು ಹಿಡಿದು ಹೋದ ಮೇಲೆ, ಮೊದಲ ಬೆಳಿಗ್ಗೆ, ನಾನು ಒಬ್ಬಳಿಗೆ ಬೇಕಾದಷ್ಟೇ ಹಾಲು ಕಾಯಲು ಇಟ್ಟೆ. ಮೊಣಕೈ ತಗುಲಿ ಕಟ್ಟೆಯ ಮೇಲಿದ್ದ ಸ್ಟೀಲಿನ ತಾಟು ನೆಲಕ್ಕೆ ಬಿತ್ತು. ಬಿದ್ದದ್ದು ಕಂಡಿತು, ಕೇಳಲಿಲ್ಲ. ತಾಟು ಅಂಚಿನ ಮೇಲೆ ಸುತ್ತಿ ಸುತ್ತಿ, ಒಂದಿಷ್ಟೂ ಸದ್ದು ಮಾಡದೆ ಮಲಗಿತು. ನಾನು ಒಲೆ ಸಣ್ಣ ಮಾಡಿ, ಬೇಕೆಂದೇ ಒಂದು ಚಮಚ ಬೀಳಿಸಿ ನೋಡಿದೆ. ಅದೂ ಹಾಗೆಯೇ. ನನ್ನ ಗಂಡ ಗುರುಪಾದನ ಮೌನ ಅವನ ಜೊತೆ ಮಣ್ಣಿಗೆ ಹೋಗಿರಲಿಲ್ಲ. ಮನೆಯಲ್ಲೇ ಉಳಿದು ನನ್ನ ಪಾಲಿಗೆ ಬಂದಿತ್ತು.

ಹೆದರಿಕೆಯೇನೂ ಆಗಲಿಲ್ಲ. ಈ ಊರಿನಲ್ಲಿ ಸತ್ತವರದ್ದು ಏನಾದರೊಂದು ಮನೆಯಲ್ಲಿ ಉಳಿಯುವುದುಂಟು. ಎದುರು ಮನೆಯ ಪೋಸ್ಟ್ ಮಾಸ್ತರರು ತೀರಿಕೊಂಡಾಗ ಅವರ ಹಸಿವು ಹೆಂಡತಿಗೆ ಉಳಿದಿತ್ತು. ಆಕೆ ಅಳುತ್ತಲೇ ಹೊತ್ತಿಗೆ ಐದಾರು ರೊಟ್ಟಿ ತಿನ್ನುತ್ತಿದ್ದರು. ಕೊನೆಗೆ ಅದು ಮಾಸ್ತರರ ಹಸಿವೇ ಅಲ್ಲ, ಅವರ ಮೈದುನನಿಂದ ಕೈಗಡ ತಂದದ್ದು ಎಂದು ತಿಳಿದು, ಅವನಿಗೆ ಮುಟ್ಟಿಸಿ ಬಂದರು. ಬಡಕಲಾಗಿದ್ದ ಮೈದುನ ಅಂದೇ ಅವರ ಮನೆಯಲ್ಲಿ ಊಟಕ್ಕೆ ಕುಳಿತ.

ಇಲ್ಲಿ ಕೈಗಡವೆಂದರೆ ಇಂಥದ್ದೇ. ಬಾಣಂತಿಯರು ಅತ್ತೆಯ ನಿದ್ದೆ ತರುತ್ತಾರೆ. ಜಾತ್ರೆ, ಮದುವೆಯ ಕಾಲದಲ್ಲಿ ಬಸ್ಸಿನ ಕಂಡಕ್ಟರ್ ತನ್ನ ಹೆಂಡತಿಯ ಸಹನೆ ತೆಗೆದುಕೊಂಡು ಹೋಗುತ್ತಾನೆ, ಆ ದಿನಗಳಲ್ಲಿ ಅವರ ಮನೆಯ ಕಡೆ ಯಾರೂ ಹಾಯುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಒಬ್ಬ ಲಾರಿ ಡ್ರೈವರನಿಗೆ ನನ್ನ ದಿಕ್ಕಿನ ಅರಿವು ಕೊಟ್ಟಿದ್ದೆ. ಅವನು ತಿರುಗಿ ಬರುವವರೆಗೆ ಸಂತೆಗೆ ಹೋದರೆ ಮನೆಗೆ ಬರಲು ಯಾರದಾದರೂ ಸೆರಗು ಹಿಡಿಯಬೇಕಾಗಿತ್ತು. ಕಾಗದವಿಲ್ಲ, ಸಾಕ್ಷಿಯಿಲ್ಲ. ಹೊಸ್ತಿಲ ಮೇಲೆ ಕೈಗೆ ಕೈ ತಾಗಿಸಿ, ಕೊಡುವುದರ ಹೆಸರು ಹೇಳಿದರೆ ಮುಗಿಯಿತು.

ಗುರುಪಾದ ಹಾಡುಗಾರ. ನಾನು ಅವನನ್ನು ಮೊದಲು ಕೇಳಿದ್ದು ಭೂಗರ್ಭಶಾಸ್ತ್ರ ಓದುತ್ತಿದ್ದಾಗ, ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಗೆಳತಿಯ ಬಲವಂತಕ್ಕೆ ಹೋಗಿದ್ದೆ. ಅವನು ಒಂದು ಸ್ವರದ ಹತ್ತಿರ ಹೋಗಿ, ಇನ್ನೇನು ಮುಟ್ಟುತ್ತಾನೆ ಎನ್ನುವಾಗ ನಿಲ್ಲಿಸಿದ. ತಬಲಾದವನು ತಲೆಯೆತ್ತಿ ನೋಡಿದ. ಫ್ಯಾನುಗಳು ತಿರುಗುತ್ತಿದ್ದವು, ಅವುಗಳ ಸದ್ದಿರಲಿಲ್ಲ. ಸಭಾಂಗಣ ತುಂಬ ಜನ ಒಂದೇ ಉಸಿರನ್ನು ಹಿಡಿದುಕೊಂಡಿದ್ದರು. ಆಮೇಲೆ ಅವನು ಆ ಸ್ವರವನ್ನು ತೀರ ಹಗುರವಾಗಿ ಇಟ್ಟ, ತೊಟ್ಟಿಲಲ್ಲಿ ಕೂಸು ಇಡುವ ಹಾಗೆ. ಮಣ್ಣು ಕಲ್ಲಿನ ವಿಷಯ ಓದುವವಳಾದ ನನಗೆ ಕಾಯುವುದೆಂದರೆ ಏನೆಂದು ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಈತನ ಜೊತೆ ಬಾಳಬೇಕು ಎಂದು ಅಲ್ಲೇ ತೀರ್ಮಾನಿಸಿದೆ, ಬಾಳಿದೆ. ಒಂದು ಸಂಜೆ ಪಾಠ ಹೇಳುತ್ತ ಕುಳಿತಲ್ಲೇ ಅವನ ಎದೆಬಡಿತ ನಿಂತಿತು. ಅದೂ ಒಂದು ನಿಲುಗಡೆ ಎಂದು ಶಿಷ್ಯರು ಬಹಳ ಹೊತ್ತು ಕಾದರಂತೆ.

ನಾನು ಅಳಲಿಲ್ಲ. ಅದಕ್ಕೆ ಕಾರಣ ಈಗ ಸ್ಪಷ್ಟವಾಯಿತು. ಮೌನ ನನ್ನನ್ನು ಕಂಬಳಿಯಂತೆ ಸುತ್ತಿಕೊಂಡಿತ್ತು. ಜನರ ಮಾತು ಕೇಳುತ್ತಿತ್ತು, ಆದರೆ ಕಂಬಳಿಯ ಆಚೆಯಿಂದ. ನನ್ನ ತಲೆಯೊಳಗಿನ ಮಾತಂತೂ ಪೂರ್ತಿ ನಿಂತಿತ್ತು. ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಕಾಲೇಜಿಗೆ ಹೋಗಿ ಪಾಠ ಶುರು ಮಾಡಿದೆ. ನಾನು ಒಳಗೆ ಕಾಲಿಟ್ಟರೆ ಬೆಂಚುಗಳ ಕಿರುಗುಟ್ಟುವಿಕೆ ನಿಲ್ಲುತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಹಿಂದಿನ ಸಾಲಿನವರೂ ಪದರಗಲ್ಲುಗಳ ಬಗ್ಗೆ ಬರೆದುಕೊಂಡರು. ಗಟ್ಟಿ ಹೆಣ್ಣು ಎಂದು ಸಹೋದ್ಯೋಗಿಗಳು ಮೆಚ್ಚಿದರು. ನಾನೂ ಮೆಚ್ಚಿಕೊಂಡೆ. ಹೀಗೇ ಉಳಿದ ಆಯುಷ್ಯ ಕಳೆಯಬಹುದು ಅನ್ನಿಸಿತ್ತು.

ದಿನಾ ಬೆಳಿಗ್ಗೆ ಬರುತ್ತಿದ್ದವಳು ಕಾಶವ್ವ ಒಬ್ಬಳೇ. ಓಣಿಯ ತುದಿಯಲ್ಲಿ ಅವಳದು ಚುರುಮುರಿ ಹುರಿಯುವ ಭಟ್ಟಿ. ಊರಿನಲ್ಲಿ ಅವಳ ಹೆಸರು ಹೇಳಿದರೆ ಜನ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ನಾನು ಈ ಊರಿಗೆ ಬಂದಾಗಿನಿಂದ ಅವಳು ಮಾತು ನಿಲ್ಲಿಸಿದ್ದನ್ನು ಕಂಡವರಿಲ್ಲ.

"ನೀಲವ್ವಾ, ಎದ್ದೀಯೇನವಾ? ಎದ್ದಿರ್ತಿ ಬಿಡು. ನನ್ನ ಗಂಡ ಸತ್ತಾಗ ನನಗೂ ನಿದ್ದಿ ಬಂದಿರಲಿಲ್ಲ. ಅಂವ ಏನ ಬಂಗಾರದಂಥಾವ ಅಲ್ಲ ಮತ್ತ, ಕುಡುಕ, ಆದ್ರೂ ಬರಲಿಲ್ಲ ನೋಡು. ಚುರುಮುರಿ ಬಿಸಿ ಅದಾವ, ತಿನ್ನು. ಆ ಹಾಲಿನಾಂವ ನೀರ ಬೆರಸಾಕ ಹತ್ಯಾನ, ನಿನಗ ಗೊತ್ತಾಗೇತೋ ಇಲ್ಲೋ? ಗೊತ್ತಾದ್ರೂ ನೀ ಅನ್ನಾಕಿ ಅಲ್ಲ. ಮೂಲಿಮನಿ ಸೊಸಿ ಬೆಕ್ಕ ಸಾಕ್ಯಾಳಂತ, ಅತ್ತಿ ಮ್ಯಾಲಿನ ಸಿಟ್ಟಿಗೆ..."

ಹೀಗೆ ಶುರುವಾಗಿ, ಜಗಲಿಯ ಮೇಲೆ ನನ್ನ ಪಕ್ಕಕ್ಕೆ ಕುಳಿತು, ಹೊತ್ತು ಏರುವವರೆಗೆ ಆಡುತ್ತಿದ್ದಳು. ಕುಳಿತು ಸ್ವಲ್ಪ ಹೊತ್ತಾದ ಮೇಲೆ ಮಾತಿನ ನಡುವೆ ಚಿಕ್ಕ ಚಿಕ್ಕ ಸಂದು ಬೀಳುತ್ತಿದ್ದವು. ಆಗ ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಬಿಚ್ಚಿದ ಬಳೆಗಳಿಗಾಗಿ ಮರುಗುತ್ತಾಳೆ ಎಂದುಕೊಂಡು ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ.

ಒಂದು ದಿನ ಸಂಗೀತ ಸಭೆಯ ಅಧ್ಯಕ್ಷರಾದ ವಕೀಲ ಗಲಗಲಿಯವರು ಬಂದರು. ಜೊತೆಗೆ ಗುರುಪಾದನ ಹಿರಿಯ ಶಿಷ್ಯ ಇಂದುಧರ. ಇವನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ತಲೆ ಆಗಲೇ ಅರ್ಧ ಬೆಳ್ಳಗಾದವನು.

"ನೋಡ್ರಿ ತಂಗಿ," ಎಂದರು ವಕೀಲರು, "ಹಾಡು ಯಾರಾದ್ರೂ ಹಾಡ್ತಾರ. ಗವಾಯಿಗಳ ಆ ನಿಲುಗಡಿ ಅದ ಅಲ್ಲ, ಅದು ಊರಿನ ಆಸ್ತಿ. ನಿಮ್ಮ ಹಂತೇಕ ಉಳದದ ಅಂತ ಸುದ್ದಿ. ನೀವು ಅದನ್ನ ತಗೊಂಡು ಅಡಿಗಿಮನ್ಯಾಗ ಏನ ಮಾಡವ್ರು? ಇಂದುಧರಗ ಕೊಟ್ಟುಬಿಡ್ರಿ, ಕಲೆ ಉಳೀತದ."

"ನನಗ ಅದು ದಕ್ಕತದೋ ಇಲ್ಲೋ ಅಕ್ಕಾರ," ಎಂದ ಇಂದುಧರ ನೆಲ ನೋಡುತ್ತ. "ಗುರುಗಳು ನಿಂತಾಗ ಜನ ಕಾಯತಿದ್ರು. ನಾ ನಿಂತ್ರ ಮರತಾನ ಅಂತಾರ."

"ಅದಕ್ಕ ತಗೋ ಅನ್ನೂದು," ವಕೀಲರು ಗದರಿದರು.

ನನಗೆ ಕೊಡಲು ಮನಸ್ಸಿರಲಿಲ್ಲ. ಆದರೆ ಗುರುಪಾದ ಇದ್ದಿದ್ದರೆ ಕೊಡು ಎನ್ನುತ್ತಿದ್ದ. ನಾನು ಹೊಸ್ತಿಲ ಒಳಗೆ ನಿಂತೆ, ಇಂದುಧರ ಹೊರಗೆ. ಅಂಗೈಗೆ ಅಂಗೈ ತಾಗಿಸಿ, ಗುರುಪಾದನ ಮೌನ ನಿನಗೆ ಕೊಟ್ಟೆ ಎಂದೆ. ವಕೀಲರು ಪರೀಕ್ಷೆಗೆಂದು ಸ್ಕೂಟರಿನ ಕೀಲಿಕೈ ಗೊಂಚಲನ್ನು ಅವನ ಕಾಲ ಬಳಿ ಎಸೆದರು. ಝಣ್ ಎಂದಿತು. ನನ್ನ ಕಾಲ ಬಳಿ ಎಸೆದರು. ಏನೂ ಇಲ್ಲ. ಮತ್ತೊಮ್ಮೆ ಕೈ ತಾಗಿಸಿದೆವು, ಹೆಸರನ್ನು ಬಿಡಿಸಿ ಹೇಳಿದೆ. ಮತ್ತೆ ಝಣ್.

ಮೂವರಿಗೂ ಅರ್ಥವಾಯಿತು. ಕೈಗಡ ತಂದದ್ದನ್ನು ಇನ್ನೊಬ್ಬರಿಗೆ ಕೈಗಡ ಕೊಡಲಾಗುವುದಿಲ್ಲ. ಅದು ಕದಲುವುದು ತನ್ನವರ ಕೈಗೆ ಮಾತ್ರ.

"ಅಂದ್ರ..." ಎಂದು ವಕೀಲರು ಬಾಯಿ ತೆರೆದವರು, ನನ್ನ ಮುಖ ನೋಡಿ ಕೀಲಿಕೈ ಆರಿಸಿಕೊಂಡರು.

ಆ ಸಂಜೆ ನಾನು ಗುರುಪಾದನ ತಂಬೂರಿಯ ಮುಂದೆ ಕುಳಿತೆ. ಮೀಟಿದೆ. ತಂತಿ ನಡುಗಿದ್ದು ಕಂಡಿತು, ಅಷ್ಟೇ. ನಾನು ಯಾವುದಕ್ಕೆ ತಲೆಬಾಗಿ ಊರು ಬಿಟ್ಟು ಬಂದಿದ್ದೆನೋ ಅದು ಅವನದಾಗಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನು ಇದನ್ನು ಹೇಳಿರಲೂ ಇಲ್ಲ. ಸಿಟ್ಟು ಬರಬೇಕಿತ್ತು. ಕಂಬಳಿಯ ಒಳಗೆ ಸಿಟ್ಟಿಗೂ ಸದ್ದಿಲ್ಲ. ಯಾರದೆಂದು ತಿಳಿಯಬೇಕು ಎಂಬುದೊಂದೇ ಉಳಿಯಿತು.

ಸಾವಿನ ಮನೆಗೆ ಬಂದು ಕೈಗಡ ಕೇಳುವಂತಿಲ್ಲ, ಇದು ಇಲ್ಲಿನ ಕಟ್ಟಳೆ. ವಾರಸುದಾರರೇ ಹುಡುಕಿ ಕೊಡಬೇಕು. ಹಾಗಾಗಿ ನಾನು ಊರಿನ ಮೌನಿಗಳನ್ನೆಲ್ಲ ಹುಡುಕಿಕೊಂಡು ಹೋದೆ. ಗ್ರಂಥಾಲಯದ ಹೊಳಿಬಸಪ್ಪ, ಎಂದೂ ಎರಡು ಮಾತು ಆಡದವರು, ನನ್ನ ಪ್ರಶ್ನೆ ಕೇಳಿ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟು, "ನಂದು ನನ್ನ ಹಂತ್ಯಾಕ ಐತ್ರಿ," ಎಂದರು. ಮಠದ ಹಿಂದೆ ಗಡಿಯಾರ ರಿಪೇರಿ ಮಾಡುವ ಮುದುಕ ತಲೆಯನ್ನಷ್ಟೇ ಅಲ್ಲಾಡಿಸಿದ. ಗುರುಪಾದನ ಗುರುಗಳ ವಿಧವೆ ಬಾಗಿಲು ತೆಗೆದು, ನಕ್ಕು, ಚಹಾ ಕೊಟ್ಟು ಕಳಿಸಿದರು. ಎಲ್ಲರ ಮೌನವೂ ಅವರವರ ಮನೆಯಲ್ಲಿ ಭದ್ರವಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ನನಗೆ ನಾಚಿಕೆಯಾಯಿತು. ಕಲ್ಲು ಎಲ್ಲಿಂದ ತೆಗೆದರು ಎಂದು ತಿಳಿಯಬೇಕಾದರೆ ಗುಡ್ಡವನ್ನು ನೋಡುವುದಿಲ್ಲ, ಗುಂಡಿಯನ್ನು ನೋಡುತ್ತೇವೆ. ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಹೇಳುವ ಮಾತು. ಕೊಟ್ಟವರ ಹತ್ತಿರ ಮೌನ ಹೇಗಿದ್ದೀತು?

ಓಣಿಯ ತುದಿಯಿಂದ ಕಾಶವ್ವನ ಧ್ವನಿ ಬರುತ್ತಿತ್ತು. ಯಾರಿಗೋ ಬೆಳ್ಳುಳ್ಳಿಯ ದರ ಹೇಳುತ್ತಿದ್ದಳು. ಎಲ್ಲರ ಮಾತೂ ನನಗೆ ಕಂಬಳಿಯ ಆಚೆಯಿಂದ ಕೇಳುತ್ತಿದ್ದಾಗ, ಇವಳದೊಂದೇ ಮೊದಲಿನಿಂದಲೂ ಕಿವಿಯ ಬುಡದಲ್ಲಿ ಆಡಿದ ಹಾಗೆ ಸ್ವಚ್ಛವಾಗಿ ಕೇಳುತ್ತಿತ್ತಲ್ಲ ಎಂದು ಆಗ ಗಮನಕ್ಕೆ ಬಂತು. ನನ್ನನ್ನು ಸುತ್ತಿಕೊಂಡದ್ದು ಅವಳ ಎದುರು ಮಾತ್ರ ಬಾಗಿಲು ತೆರೆಯುತ್ತಿತ್ತು. ಅವಳು ದಿನಾ ಬಂದು ಕೂರುತ್ತಿದ್ದದ್ದು ನನ್ನ ಪಕ್ಕದಲ್ಲಲ್ಲ, ತನ್ನ ಮೌನದ ಪಕ್ಕದಲ್ಲಿ.

ಕಾಶವ್ವನ ಮಗಳು ರೇಣುಕಾ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಳು. ಗಂಡನ ಮನೆಯಿಂದ ಒಂದು ಟ್ರಂಕಿನ ಜೊತೆ ಬಂದು ತಿಂಗಳುಗಳಾಗಿದ್ದವು. ಯಾಕೆ ಬಂದಳು ಎಂಬುದು ಓಣಿಗೆ ತಿಳಿದಿರಲಿಲ್ಲ. ನಾನು ಹೋಗಿ ನೇರವಾಗಿ ಕೇಳಿದೆ. ಅವಳು ಕೊಡ ಇಳಿಸಿದಳು.

"ನೀವಾಗಿ ಕೇಳಿದ್ರಿ ಅಂತ ಹೇಳ್ತೀನ್ರಿ ಅಕ್ಕಾರ. ಬೇಡಾಕ ಬಂದಿಲ್ಲ ನಾ."

"ಹೇಳು."

"ಗವಾಯಿಗಳು ಆಗ ನಮ್ಮ ಭಟ್ಟಿ ಹಿಂದಿನ ಖೋಲ್ಯಾಗ ಇದ್ರು. ಚಂದ ಹಾಡತಿದ್ರು, ಆದ್ರ ಬೆನ್ನಿಗೆ ನಾಯಿ ಬಿದ್ದಂಗ ಓಡತಿದ್ರು. ಅವ್ವ ಆಗ ಹೆಂಗಿದ್ಲು ಅಂದ್ರ ನೀವು ನಂಬಂಗಿಲ್ಲ. ದಿನಾ ಒಲಿ ಮುಂದ ಕುಂತು, ಚುರುಮುರಿ ಹುರಕೋತ, ಗ್ವಾಡಿ ಆಚಿಕಿನ ಹಾಡ ಕೇಳಾಕಿ. ಒಂದ ಮಾತಿಲ್ಲ. ದೊಡ್ಡ ಕಚೇರಿ ಹಿಂದಿನ ದಿನ ಅವ್ರು ಊಟ ಬಿಟ್ಟು ಕುಂತಿದ್ರು. ಅವ್ವ ಹೋಗಿ, ನಂದ ಒಂದೀಟ ತಗೊಂಡ ಹೋಗ್ರಿ, ನಾಳಿಗೆ ಕೊಡ್ರಿ ಅಂದ್ಲು. ಒಂದೀಟ ಅಂತ ಕೈ ಕೊಟ್ರ ಇಡೀ ಹೋತು."

"ಅವರು ಕೊಡೋಕೆ ಬರಲೇ ಇಲ್ಲವೇನು?"

"ಬಂದಿದ್ರು. ಮರದಿನಾನ ಬಂದು ಹೊಸ್ತಲದಾಗ ಕೈ ಚಾಚಿದ್ರು. ಅವ್ವ ತಾನ ಕೈ ಹಿಂದ ತಗೊಂಡ್ಲು. ಮುಂದಿನ ಕಚೇರಿ ಒಂದ ಆಗಲಿ ಅಂದ್ಲು. ಅದಾದ ಮ್ಯಾಲ ಇನ್ನೊಂದು. ಆಮ್ಯಾಲ ಅವ್ರು ಕೈ ಚಾಚೂದು ಬಿಟ್ರು, ಇಕಿ ಬಾಯಿ ಮುಚ್ಚೂದು ಬಿಟ್ಲು." ರೇಣುಕಾ ನಗಲು ನೋಡಿದಳು.

"ನೀನು ಯಾಕೆ ಬಂದೆ ರೇಣುಕಾ, ಗಂಡನ ಮನೆ ಬಿಟ್ಟು?"

"ಅದನ್ನ ಮೊದಲ ಅವ್ವಗ ಹೇಳಬೇಕ್ರಿ," ಎಂದಳು. "ಬಾಯಿ ತಗದ್ರ ಆಕಿ ಆಗಲೇ ಬ್ಯಾರೆ ಮಾತಿನಾಗ ಇರ್ತಾಳ. ನಾ ಅಂದ ಅರ್ಧಕ್ಕ ಆಕೀದು ನಾಕ ಮಾತ ಬೀಳ್ತಾವ. ಆಮ್ಯಾಲ ಆಕೀನ ಅಳ್ತಾಳ, ಕೇಳಾಕ ಆಗವಲ್ದು ಅಂತ. ಅಳೂ ಮುಂದನೂ ಮಾತ ನಿಂದರಂಗಿಲ್ಲ." ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು.

ಅಂದೇ ಹೋಗಿ ಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಮೌನ ಹೋದರೆ ಅದರ ಆಚೆ ಏನು ಕಾದು ನಿಂತಿದೆ ಎಂದು ನನಗೆ ಗೊತ್ತಿತ್ತು. ಅವನ ಬಟ್ಟೆಗಳಿದ್ದ ಕೋಣೆಯ ಬಾಗಿಲಲ್ಲಿ ನಾನು ಈಗ ಸಲೀಸಾಗಿ ಓಡಾಡುತ್ತಿದ್ದೆ, ನಾಳೆ ಆ ಬಾಗಿಲು ದಾಟಲು ಆದೀತೇ? ಅಲ್ಲದೆ ಅವನದೆಂದು ನನ್ನಲ್ಲಿ ಉಳಿದದ್ದು ಇದೊಂದೇ, ಅವನದಲ್ಲದಿದ್ದರೂ. ಕಾಶವ್ವ ದಿನಾ ಬಂದಳು. ನಾನು ಗೊತ್ತಿದ್ದೂ ಅವಳ ಚುರುಮುರಿ ತಿಂದೆ.

ಗಲಗಲಿಯವರು ಮತ್ತೆ ಬಂದರು. ವಿಷಯ ಅವರಿಗೆ ಹೇಗೋ ತಿಳಿದಿತ್ತು. ಹೆಸರು ಎತ್ತದೆ ಮಾತಾಡಿದರು. "ವರ್ಷ ತುಂಬಲಿ ತಂಗಿ. ವರ್ಷ ತುಂಬಿದ ಮ್ಯಾಲ ಅದು ನಿಮ್ಮ ಮನೀದ ಆಗ್ತದ, ಕಟ್ಟಳಿ ಹಂಗ ಅದ. ಆಮೇಲೆ ಇಂದುಧರಗ ಕೊಡ್ರಿ. ಆ ಹೆಣ್ಮಗಳು ಬೇಡೂ ಹಂಗಿಲ್ಲ. ನೀವು ಸುಮ್ನ ಇದ್ರ ಸಾಕು. ಚುರುಮುರಿ ಹುರಿಯಾಕ ಏನು, ಮಾತಾಡಕೋತನೂ ಹುರೀಬಹುದು."

"ವಿಚಾರ ಮಾಡ್ತೀನಿ," ಎಂದೆ. ಮಾಡಿದೆ ಕೂಡ. ಅವರ ಮಾತಿನಲ್ಲಿ ಪೂರ್ತಿ ಅನ್ಯಾಯವಿದೆ ಎಂದು ಆಗ ಅನ್ನಿಸಲಿಲ್ಲ. ಅಷ್ಟು ಜನ ಉಸಿರು ಹಿಡಿದು ಕೂರುವ ಒಂದು ಕ್ಷಣ ಈ ಭೂಮಿಯ ಮೇಲಿಂದ ಹೋಗಿಬಿಡುತ್ತದಲ್ಲ.

ಆ ಭಾನುವಾರ ಸಭೆಯವರು ಗುರುಪಾದನ ನೆನಪಿಗೆ ಇಂದುಧರನ ಗಾಯನ ಇಟ್ಟಿದ್ದರು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಫೋಟೋಕ್ಕೆ ಹಾರ, ಊದಿನಕಡ್ಡಿ. ಇಂದುಧರ ಒಂದು ಸಂಜೆರಾಗ ತೆಗೆದುಕೊಂಡ. ಕಂಬಳಿಯ ಆಚೆಯಿಂದ ಅದು ತೆಳ್ಳಗೆ ಬಂತು. ಕಿಟಕಿಯಿಂದ ಮಾತ್ರ ಇನ್ನೊಂದು ಧ್ವನಿ ಸ್ವಚ್ಛವಾಗಿ ಬರುತ್ತಿತ್ತು.

"...ಅಲ್ಲಪಾ, ಇಲ್ಲೆ ನಿಂತ್ರ ಏನಾಗ್ತೈತಿ? ನಾ ಒಳಗ ಬರಾಂಗಿಲ್ಲ, ಬಂದ್ರ ಮಂದೀಗ ತ್ರಾಸ, ಗೊತ್ತೈತಿ ನನಗ, ಈ ತಮ್ಮ ಚಲೋ ಹಾಡ್ತಾನ, ಗವಾಯಿಗಳ ನೆರಳು ಐತಿ, ಆದ್ರ ಅವ್ರು ಇಲ್ಲಿ ಹಿಂಗ ತಿರುವತಿರಲಿಲ್ಲ, ಸುಮ್ನಾಗ ಕಾಶವ್ವಾ, ಸುಮ್ನಾಗ, ಒಂದೀಟ ಕೇಳ್ಸಗೊಡು..."

ಕೊನೆಯ ಮಾತನ್ನು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ಸಭೆಯ ಒಬ್ಬ ಸ್ವಯಂಸೇವಕ ಎದ್ದು ಹೊರಗೆ ಹೋದ. ನನ್ನ ಪಕ್ಕದವರು ನಕ್ಕು, "ಪ್ರತಿ ಕಚೇರಿಗೂ ಇದೇ ಹಣೇಬಾರ ನೋಡ್ರಿ," ಎಂದರು. "ಗವಾಯಿಗಳು ಎಲ್ಲಿ ಹಾಡ್ಲಿ, ಈ ಬಾಯಿಬಡಕಿ ರಸ್ತೇದ ಆಚಿ ಕಡೆ ಹಾಜರ. ಓಡಿಸಿ ಓಡಿಸಿ ಸಾಕಾಗೇದ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವನ ನಿಲುಗಡೆಯನ್ನು ನಾನು ಅದೆಷ್ಟು ಸಲ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೆ. ಅದನ್ನು ಕೊಟ್ಟವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ತನ್ನ ಮೌನ ಅಷ್ಟು ಜನರ ಮೇಲೆ ಇಳಿಯುತ್ತಿದ್ದಾಗ ಅವಳು ರಸ್ತೆಯ ಆಚೆ ನಿಂತು, ತನ್ನ ಮಾತಿನ ಮೇಲೆಯೇ ಕೈ ಅಡ್ಡ ಹಿಡಿದು, ಸಂದಿನಲ್ಲಿ ಸಿಕ್ಕಷ್ಟು ಹಾಡು ಆರಿಸಿಕೊಳ್ಳುತ್ತಿದ್ದಳು. ಗುರುಪಾದ ವೇದಿಕೆಯಿಂದ ಈ ಧ್ವನಿಯನ್ನು ಕೇಳಿರಲೇಬೇಕು. ಕೇಳಿಯೂ ಹಾಡಿದ. ನಾನು ಪ್ರೀತಿಸಿದ ಮನುಷ್ಯ ಇವನೇ, ಈ ಸಣ್ಣತನದ ಸಮೇತ. ಮೌನ ಅವಳದು. ಅದನ್ನು ಯಾವ ಸ್ವರದ ಪಕ್ಕ ಇಡಬೇಕು ಎಂದು ಕಂಡುಕೊಂಡದ್ದು ಅವನದು, ಅದು ಅವನ ಜೊತೆಗೇ ಹೋಯಿತು, ಅದನ್ನು ಯಾರಿಗೂ ಕೊಡಲು ನನ್ನಲ್ಲಿ ಇಲ್ಲ. ಇಂದುಧರ ತನ್ನದನ್ನು ತಾನು ಹುಡುಕಿಕೊಳ್ಳಲಿ. ಹಾಗೆಂದು ಕಚೇರಿ ಮುಗಿದ ಮೇಲೆ ಅವನಿಗೇ ಹೇಳಿದೆ. ಅವನು ಕೈಮುಗಿದು, "ಬದುಕಿಸಿದ್ರಿ ಅಕ್ಕಾರ," ಎಂದ. ವಕೀಲರು ನನ್ನತ್ತ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನನ್ನ ಮನೆಗೆ ಬರುವ ಮೊದಲೇ ನಾನು ಭಟ್ಟಿಗೆ ಹೋದೆ. ಒಲೆ ಧಗಧಗ ಉರಿಯುತ್ತಿತ್ತು. ರೇಣುಕಾ ಜರಡಿ ಹಿಡಿದಿದ್ದಳು. ಕಾಶವ್ವ ಕಾದ ಮರಳಿನಲ್ಲಿ ಅಕ್ಕಿ ಕೈಯಾಡಿಸುತ್ತ, ಒಲೆಯ ಜೊತೆಯೋ ಮಗಳ ಜೊತೆಯೋ ಮಾತಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದಳು.

"ಅಯ್ಯ ನೀಲವ್ವಾ, ನಾನ ಬರಾಕಿದ್ನೆಲ್ಲವಾ, ನೀ ಯಾಕ ಬಂದಿ ಇಷ್ಟ ಲಗೂ, ಕುಂದರ ಬಾ, ಚಹಾ ಮಾಡ್ತಾಳ ರೇಣಿ, ಸಕ್ಕರಿ ಐತೋ ಇಲ್ಲೋ ನೋಡಬೇಕು, ನಿನ್ನೆ ಆ ತಮ್ಮ ಹಾಡಿದ್ದು ಕೇಳಿದಿಯೇನ, ಏನ ಅಂತಿ..."

"ಕಾಶವ್ವಾ, ಕೈ ಕೊಡು."

ಅವಳ ಕಣ್ಣುಗಳು ಹೊಸ್ತಿಲಿನ ಕಡೆ ಹೋದವು. ನಾನು ಹೊರಗೆ, ಅವಳು ಒಳಗೆ. "ಬ್ಯಾಡವಾ," ಎಂದಳು, "ನೀ ಇನ್ನೂ ಸಣ್ಣಾಕಿ, ನಿನಗ ಬೇಕಾಗ್ತೈತಿ, ನನಗೇನು, ನನಗ ರೂಢಿ ಆಗೇತಿ, ಮಂದಿ ನಗ್ತಾರ, ನಗಲಿ, ನಕ್ರ ಏನ ಹೋತು, ನೀ ಒಬ್ಬಾಕಿ ಆ ಮನ್ಯಾಗ ಹೆಂಗ..." ಹೇಳುತ್ತಲೇ ಕೈ ಹಿಂದೆ ತೆಗೆದುಕೊಂಡಳು.

ಮೊದಲಿನ ಸಲ ಗುರುಪಾದ ಇಲ್ಲಿಯೇ ನಿಂತು ಸೋತಿದ್ದ. ನಾನು ಸೋಲಲಿಲ್ಲ. ಮುಂದೆ ಬಾಗಿ ಅವಳ ಬಲಗೈ ಹಿಡಿದೆ. ಮರಳಿನ ಬಿಸಿ ಇನ್ನೂ ಅದರಲ್ಲಿತ್ತು. "ಇದು ಕಾಶವ್ವನ ಮೌನ," ಎಂದೆ. "ಗುರುಪಾದ ತಂದಿದ್ದ. ವಾಪಸು ಕೊಡುತ್ತಿದ್ದೇನೆ."

ಅವಳ ಮಾತು ಒಂದು ಪದದ ನಡುವೆ ನಿಂತಿತು.

ಮೊದಲು ಬಾಣಲೆಯಲ್ಲಿ ಅಕ್ಕಿ ಸಿಡಿಯುವುದು ಕೇಳಿತು. ಆಮೇಲೆ ಒಲೆಯ ಉರಿ, ಬೀದಿಯಲ್ಲಿ ಸೈಕಲ್ಲು, ಯಾವುದೋ ಮನೆಯಲ್ಲಿ ಕುಕ್ಕರಿನ ಸೀಟಿ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಬಂದಂತೆ ಬಂತು. ನಾನು ಹೊಸ್ತಿಲ ಬಳಿಯೇ ಕುಳಿತೆ. ಕಾಶವ್ವ ನನ್ನೆದುರು ಕುಳಿತಳು, ಕೈ ಬಿಡಲಿಲ್ಲ. ಏನಾದರೂ ಹೇಳಿಯಾಳು ಎಂದು ನೋಡಿದೆ. ಹೇಳಲಿಲ್ಲ. ಅವಳ ಮುಖ ಇಷ್ಟು ಅಗಲವೆಂದು ನನಗೆ ಗೊತ್ತೇ ಇರಲಿಲ್ಲ.

"ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮುತ್ತಿದ್ದ," ಎಂದೆ. ಏಕೆ ಅದೇ ಮೊದಲು ಬಂತೋ ತಿಳಿಯದು. "ತಾನು ಕೆಮ್ಮುವುದೇ ಇಲ್ಲ ಅಂತಿದ್ದ. ಬಿಸಿನೀರು ಕೊಟ್ಟರೆ ಗಿಡಕ್ಕೆ ಚೆಲ್ಲುತ್ತಿದ್ದ, ಕಾಶವ್ವಾ, ನಾನು ನೋಡಿದ್ದೇನೆ." ಆಮೇಲೆ ಅಳು ಬಂತು. ಅಳುವಿನ ಜೊತೆ ಮಾತೂ ಬಂತು, ಒಂದರ ಬಾಲ ಹಿಡಿದು ಇನ್ನೊಂದು. ಅವನು ನನಗೆ ಹೇಳದೆ ಉಳಿಸಿದ್ದು, ನಾನು ಕೇಳದೆ ಬಿಟ್ಟದ್ದು. ಕಾಶವ್ವ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ, ಸಮಾಧಾನ ಹೇಳಲಿಲ್ಲ. ಅವಳ ಕೆನ್ನೆಯ ಮೇಲೆಯೂ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ.

ರೇಣುಕಾ ಜರಡಿಯನ್ನು ಗೋಡೆಗೆ ಒರಗಿಸಿದಳು. ಒಲೆಯ ಉರಿ ಹಿಂದಕ್ಕೆ ಎಳೆದಳು. ಬಂದು, ಅವ್ವನ ಇನ್ನೊಂದು ಪಕ್ಕಕ್ಕೆ ಮೊಣಕಾಲು ಮಡಚಿ ಕುಳಿತು, ನನ್ನದು ಮುಗಿಯುವುದನ್ನು ಕಾಯತೊಡಗಿದಳು.